ಉದ್ರಿ

ಹಣಮಂತ್ರಾಯನ ಅಂಗಡಿಯಲ್ಲಿ ಬೋರ್ಡಿದೆ:
ಇಂದು ನಗದು, ನಾಳೆ ಉದ್ರಿ.
ಅದರ ಕೆಳಗೇ ಕೆಂಪು ರಟ್ಟಿನ ಉದ್ರಿ ವಹಿ,
ಅದರಲ್ಲಿ ನನ್ನ ಹೆಸರು, ಮುನ್ನೂರಾ ನಲವತ್ತು.
ಅಫಜಲಪುರದಲ್ಲಿ ಪಗಾರ ತಡವಾದ ತಿಂಗಳು
ಎಲ್ಲ ಟೀಚರುಗಳೂ ಆ ವಹಿಯಲ್ಲಿ ಹಾಜರಿ.

ಇವತ್ತು ಸಾಮಾನಿಗೆ ಬಂದಿಲ್ಲ,
ಅರ್ಜಿ ತಂದಿದ್ದೇನೆ, ನಾಲ್ಕು ಮಡಿಕೆ ಹಾಕಿ.
ಕಲಬುರಗಿಯ ಕಾಲೇಜೊಂದು ಹೊಸದಾಗಿ ಶುರು ಮಾಡಿದೆ:
ಹತ್ತನೇ ಕ್ಲಾಸಿನವರು ಈಗಲೇ ಬರೆಯಬಹುದಂತೆ
ಡಿಗ್ರಿಯ ಮೊದಲ ಗಣಿತ ಪತ್ರಿಕೆ.
ಪಾಸಾದರೆ ಕ್ರೆಡಿಟ್ಟು ಜಮಾ,
ಮುಂದೆ ಸೇರಿದಾಗ ಅಷ್ಟು ಓದು ಮಾಫಿ, ಅಷ್ಟು ಫೀಸೂ.
ಪರೀಕ್ಷೆಗೆ ಎಂಟುನೂರಾ ಐವತ್ತು,
ಕಡೆಯ ದಿನ ಶುಕ್ರವಾರ.

"ಕ್ರೆಡಿಟ್ ಅಂದ್ರ ಉದ್ರಿ ಅಲ್ಲೇನ್ರಿ ಟೀಚರ್?"
ತಕ್ಕಡಿಯಲ್ಲಿ ಬೆಲ್ಲ ಇಡುತ್ತಲೇ ಕೇಳಿದ.
"ಉದ್ರಿ ಅಂದ್ರ ಮದ್ಲ ಸಾಮಾನು, ಆಮ್ಯಾಲ ರೊಕ್ಕ.
ಇಲ್ಲಿ ಮದ್ಲ ರೊಕ್ಕ, ಮದ್ಲ ಓದು,
ಸಾಮಾನು ಮೂರು ವರ್ಷ ಬಿಟ್ಟು.
ಹಂಗಾದ್ರ ನನ್ ಮಗಳೇ ಕಾಲೇಜಿಗಿ ಉದ್ರಿ ಕೊಟ್ಟಂಗಾಯ್ತಲ್ರಿ?"

ಉತ್ತರ ಕೊಡಬೇಕಾದವಳು ನಾನು.
ನಿಂತಲ್ಲೇ ಲೆಕ್ಕ ಹಾಕಿದೆ, ಅವನದೇ ಸರಿ ಬಂತು.

ಒಳಗೆ ಭಾಗ್ಯವಂತಿ ತೊಗರಿಬೇಳೆ ಕಟ್ಟುತ್ತಿದ್ದಳು.
ಹೋದ ವಾರ ಇವಳಿಗೆ ಅವಕಲನ ಹೇಳಿದ್ದೆ,
ಹತ್ತರ ಪುಸ್ತಕದಲ್ಲಿ ಇಲ್ಲದ್ದು,
ಸಂಜೆ ಎಲ್ಲ ಹೋದ ಮೇಲೆ.
ಅರ್ಧಕ್ಕೇ ತಡೆದಳು:
"ತಿಳೀತ್ರಿ. ಚೀಲದಾಗ ಬ್ಯಾಳಿ ಎಷ್ಟದ ಅಂತಲ್ಲ,
ಈ ಗಳಿಗ್ಯಾಗ ಎಷ್ಟು ಜೋರಿಲೆ ಇಳೀಲಿಕತ್ತದ ಅಂತ."
ಇಪ್ಪತ್ತು ವರ್ಷ ಸೂತ್ರ ಹೇಳಿದ ಬಾಯಿ
ಸುಮ್ಮನಾಗಿತ್ತು ನನ್ನದು.

ಆದರೂ ಅರ್ಜಿ ಮಡಿಚಿಯೇ ಹಿಡಿದಿದ್ದೆ.
ಯಾಕೆಂದರೆ ನನಗೂ ಒಮ್ಮೆ ಡಬಲ್ ಪ್ರಮೋಷನ್ ಆಗಿತ್ತು.
ಮೂರರಿಂದ ನೇರ ಐದಕ್ಕೆ.
ಅಪ್ಪ ಓಣಿಗೆಲ್ಲ ಪೇಢೆ ಹಂಚಿದ.
ನಾಲ್ಕರಲ್ಲಿ ಏನಿತ್ತೋ ನನಗಿನ್ನೂ ಗೊತ್ತಿಲ್ಲ.
ವಾರಿಗೆಯವರು ಕೂಡಿದಾಗ ಒಂದು ಕತೆ ಬರುತ್ತದೆ,
ಹರವಿಯ ನೀರಲ್ಲಿ ಬಿದ್ದ ಹಲ್ಲಿ, ಚಪ್ಪಲಿ ಬಿಟ್ಟು ಓಡಿದ ಸುಭದ್ರಾಬಾಯಿ ಟೀಚರ್,
ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ,
ನಾನು ಒಂದು ಗಳಿಗೆ ತಡವಾಗಿ.
ಉಳಿಸಿದ ಆ ವರ್ಷ ಎಲ್ಲಿಟ್ಟೆನೋ,
ಯಾವ ವಹಿಯಲ್ಲೂ ಜಮಾ ಇಲ್ಲ.

ಇದನ್ನು ಹೇಳಲಿಲ್ಲ. ಹೇಳಿದ್ದು:
"ಬರೆದರೆ ನಷ್ಟವೇನಿಲ್ಲ."

ಅವಳು ಕೈ ಒರೆಸಿಕೊಂಡು ಬಂದು ಅರ್ಜಿಯ ಬೆನ್ನು ಓದಿದಳು,
ಇರುವೆ ಸಾಲಿನ ಅಕ್ಷರ, ಯಾರೂ ಓದದ ಕಡೆ.
"ಫೇಲಾದ್ರ ಅದನ್ನೂ ಬರ್ಕೋತಾರೇನ್ರಿ?"
ನನಗೆ ಗೊತ್ತಿರಲಿಲ್ಲ.
"ನಮ್ಮದಿನ್ನಾ ತ್ರಿಕೋನಮಿತಿ ನಡದದ. ಅದು ಬಿಡ್ಬೇಕಾ?"
ಅದೂ.

ಆಮೇಲೆ ಅಂದಳು: "ಬರೀತೀನ್ರಿ. ಕ್ರೆಡಿಟ್ ಬ್ಯಾಡ.
ಪ್ರಶ್ನಿ ಪತ್ರಿಕಿ ಹ್ಯಾಂಗಿರ್ತದ ನೋಡ್ಬೇಕಷ್ಟ.
ಕಾಲೇಜಿನಾಗ ಮತ್ತ ಮದ್ಲಿಂದ ಕಲೀತೀನಿ,
ಎಲ್ಲಾರ ಜೋಡಿ."

"ನೋಡ್ಲಿಕ್ಕ ಎಂಟುನೂರಾ ಐವತ್ತಾ?"
ಹಣಮಂತ್ರಾಯ ತಕ್ಕಡಿ ಬಿಟ್ಟ.
"ಸುಮ್ಮಸುಮ್ನ ಯಾರರ ಪರೀಕ್ಷಾ ಬರೀತಾರೇನ?"
"ನೀ ಸಿನಿಮಾ ನೋಡಲ್ಲೇನು, ಸುಮ್ಮಸುಮ್ನ?"

ಜಗಳದ ನಡುವೆ ಗಿರಾಕಿ ಬಂದ,
ಬೀಡಿ ಕಟ್ಟು ಕೇಳಿದ, ಚಿಲ್ಲರೆ ಇರಲಿಲ್ಲ.
ಅರ್ಜಿ ಬೆಲ್ಲದ ಪೆಂಟಿಯ ಮೇಲೆ ಉಳಿಯಿತು,
ಸಹಿಯಿಲ್ಲದೆ, ನೊಣ ಕೂತು.

ಬೇಡ ಅಂದರೂ ನನಗೆ ಕಾಲು ಕಿಲೋ ಕಟ್ಟಿಕೊಟ್ಟ.
ವಹಿಯಲ್ಲಿ ಬರೆಯಲಿಕ್ಕಿಲ್ಲ ಅಂದುಕೊಂಡೆ; ಬರೆದ.

ಮನೆಯಲ್ಲಿ ಬಿಚ್ಚಿದರೆ ಪೊಟ್ಟಣ ನಮ್ಮದೇ ಶಾಲೆಯ ರದ್ದಿ,
ಯಾರದೋ ಉತ್ತರ ಪತ್ರಿಕೆ, ನನ್ನದೇ ಕೆಂಪು ಶಾಯಿ.
ಕೊನೆಯ ಉತ್ತರ ತಪ್ಪು. ನಡುವಿನ ಹಂತವೊಂದು
ನಾನು ಕಲಿಸಿದ ದಾರಿಯಲ್ಲ.
ಪಕ್ಕದಲ್ಲಿ ಅರ್ಧ ಅಂಕ ಕೊಟ್ಟು, ಹೊಡೆದು ಹಾಕಿ,
ಮತ್ತೆ ಕೊಟ್ಟಿದ್ದೇನೆ.
ಅಂಟಿದ ಬೆಲ್ಲ ಉಗುರಿನಿಂದ ಬಿಡಿಸುತ್ತ
ಹೆಸರು ಹುಡುಕಿದೆ. ಆ ಮೂಲೆ ಹರಿದಿತ್ತು.