ಣ ಒತ್ತು ಮುಗಿದ ರಾತ್ರಿ

ದುರ್ಗಿಗುಡಿಯ ಓಣಿ, ಹಿಟ್ಟಿನ ಗಿರಣಿಯ ಬೆನ್ನಿಗೆ ನಮ್ಮ ಪ್ರೆಸ್ಸು.
ಟಾಕೀಸಿನ ಬಾಗಿಲಲ್ಲಿ ನಾಲ್ಕಾಣೆಗೆ ಮಾರುವ
ಹಾಡಿನ ಪುಸ್ತಕ ಅಚ್ಚಾಗುತ್ತಿದ್ದದ್ದು ಅಲ್ಲೇ.
ಮೊಳೆ ಜೋಡಿಸುವವನು ನಾನು.

ಲಗ್ನಪತ್ರಿಕೆಗೆ ಶ್ರೀ ಸಾಲದು,
ಕೋರ್ಟಿನ ಕಾಗದಕ್ಕೆ ಸದರಿಯ ಸ.
ಹಾಡಿಗೆ ಮಾತ್ರ ಣ ಒತ್ತು.
ಹೆಣ್ಣು ಅಂದರೆ ಒಂದು, ಕಣ್ಣು ಅಂದರೆ ಇನ್ನೊಂದು,
ಬಣ್ಣ, ಬೆಣ್ಣೆ, ಸಣ್ಣ ನಡು...
ಎರಡನೇ ಚರಣಕ್ಕೆ ಬರುವಷ್ಟರಲ್ಲಿ
ಆ ಮನೆ ಬರಿದು. ಬೆರಳಿಗೆ ಹಲಗೆ.

ಅವಳನ್ನು ನಾನು ಕಂಡದ್ದೆಲ್ಲ ತಲೆಕೆಳಗು,
ಸೀಸದಲ್ಲಿ.
ಊರಿಲ್ಲ ಅವಳಿಗೆ. ಒಮ್ಮೆಯೂ ಕೆಮ್ಮಿದವಳಲ್ಲ.
ಪುಟ ಮಡಚುವ ಫಿಲೋಮಿನಾ ಕೇಳಿದ್ದಳು,
"ಇವಳು ಬಟ್ಟೆ ಒಗೆಯೋದು ಯಾವಾಗ್ರೀ?"
ನಗು ಬರಲಿಲ್ಲ. ಸಿಟ್ಟು ಬಂತು,
ನಮ್ಮ ಮನೆಯವಳ ಮಾತೆತ್ತಿದ ಹಾಗೆ.

ಒಂದು ರಾತ್ರಿ. ಬೆಳಗಿನ ಆಟಕ್ಕೆ ಸಾವಿರ ಪ್ರತಿ ಬೇಕು.
ಪಲ್ಲವಿಯಲ್ಲಿ ಒಂದು ಕಣ್ಣು ಬಾಕಿ,
ಒತ್ತು ಮುಗಿದಿತ್ತು.
ಕೇಳೋಣವೆಂದರೆ ಬರೆದವನು ಮದರಾಸಿನಲ್ಲಿ.
ನಯನ ಅಂತ ಕೂರಿಸಿದೆ, ಕಳ್ಳನ ಹಾಗೆ.
ಮಾತ್ರೆ ಸರಿಹೋಯಿತು, ಮೂರಕ್ಕೆ ಮೂರು.
ನೋಟ ಹೋಯಿತು.

ಬೆಳಿಗ್ಗೆ ಫಿಲೋಮಿನಾ ಗುನುಗುತ್ತ ಗುನುಗುತ್ತ ನಿಂತಳು:
"ಇಲ್ಲಿ ಕಣ್ಣು ಕಿತ್ತಿದ್ಯಾರು?"

ಎದುರಿಗೇ ಇದ್ದಳಲ್ಲ, ಅನ್ನುತ್ತೀರಿ ನೀವು.
ಅನ್ನಿ. ಅವಳಿಗೆ ಗಾಜನೂರು ನಾಲೆಯ ಕೆಲಸದ ಗಂಡನಿದ್ದ,
ಇಬ್ಬರು ಮಕ್ಕಳು.
ನನಗೂ ಬೇಕಾದದ್ದು ಅವಳಲ್ಲ.

ಅಚ್ಚಾದ ಮೇಲೆ ಮೊಳೆ ಬಿಡಿಸಬೇಕು.
ಸೀಮೆಎಣ್ಣೆಯಲ್ಲಿ ತೊಳೆದು
ನಡುವನ್ನು ನಡುವಿನಿಂದ, ತುಟಿಯನ್ನು ತುಟಿಯಿಂದ ಬೇರೆ ಮಾಡಿ
ಒಂದೊಂದನ್ನೂ ಅದರದರ ಮನೆಗೆ.
ಇದನ್ನು ನಾನೇ ಮಾಡಬೇಕಿತ್ತು, ಈ ಕೈಯಿಂದಲೇ.
ಮರುದಿನ ಅದೇ ಒತ್ತು
ಹುಣ್ಣಿನ ಮುಲಾಮಿನ ಚೀಟಿಗೆ, ಸುಣ್ಣದ ಭಟ್ಟಿಯ ರಸೀದಿಗೆ,
ಯಾರನ್ನೋ ಮಣ್ಣು ಮಾಡಿದ ಸುದ್ದಿಗೆ.
ರಾತ್ರಿ ಸೋಪಿನ ಜೊತೆ ಮರದ ಪುಡಿ ಉಜ್ಜಿದರೂ
ಉಗುರಿನ ಸಂದಿಯಲ್ಲಿ ಕಪ್ಪು.
ಅದನ್ನು ಕಾಡಿಗೆ ಅಂದುಕೊಂಡು ಮಲಗಿದ್ದೂ ಉಂಟು.

ಪ್ರೆಸ್ಸು ಮುಚ್ಚಿದಾಗ ಮೊಳೆಯೆಲ್ಲ ತೂಕಕ್ಕೆ ಹೋಯಿತು.
ಕೋಟೆ ಕೆಳಗಿನ ಬೆಸ್ತರ ಸಿಂಗಣ್ಣ ಎಂಟು ಕಿಲೋ ಕೊಂಡು
ಕರಗಿಸಿ ಬಲೆಗೆ ಗುಂಡು ಎರೆದ.
ಈಗ ಸಂಜೆ ತುಂಗೆಯ ಮೆಟ್ಟಿಲ ಮೇಲೆ ಕೂರುತ್ತೇನೆ.
ಅವನು ಬೀಸುತ್ತಾನೆ. ಗಾಳಿಯಲ್ಲಿ ಬಿಚ್ಚಿಕೊಂಡು, ದುಂಡಗೆ,
ಅಂಚಿಗೆಲ್ಲ ನನ್ನ ಸೀಸ,
ನೀರು ಮುಟ್ಟುವಾಗ ಒಂದೇ ಸದ್ದು.

ಎಳೆದರೆ ಮುಷ್ಟಿಯಷ್ಟು ಸಣ್ಣ ಮೀನು,
ಒಂದು ಹವಾಯಿ ಚಪ್ಪಲಿ.
"ಕಣ್ಣು ದೊಡ್ಡದಾಯ್ತು ಈ ಬಲೆದು,
ಒಳ್ಳೇದೆಲ್ಲ ನುಸುಳ್ಕಂಡು ಹೋಗ್ತವೆ," ಅಂದ.
"ಇನ್ನೊಂದು ಸಲ ಬೀಸು ಮಾರಾಯ," ಅಂದೆ.

ಮನೆಗೆ ಹೊರಟಾಗ ಕೈಗೆ ನಾಲ್ಕು ಮೀನಿಟ್ಟ,
ದುಡ್ಡು ಬೇಡವೆಂದ.
ಮುದುಕನಿಗೆ ಸಾರಿನ ಆಸೆ ಅಂದುಕೊಂಡಿರಬೇಕು.