ಚಿಲ್ಲರೆ

ಮೂವತ್ತೊಂದು ವರ್ಷ ಬಸ್ಸಿನಾಗ ನಿಂತೇ ಇದ್ದಾಕಿಗೆ
ಕುಂಡ್ರಾಕ ಒಂದು ಜಾಗಾ ಬೇಕಾಗಿತ್ತು, ಅಷ್ಟ.
ಇಂಡಿ, ಸಿಂದಗಿ, ತಾಳಿಕೋಟಿ, ಬಬಲೇಶ್ವರ,
ಮಂದಿಗೆಲ್ಲಾ ಅವರವರ ಊರು ಹರಿದು ಕೊಟ್ಟೀನಿ.
ಇಳದ ಮ್ಯಾಲೆ ಅವರ ಮಾರಿ ಮರತೀನಿ.

ವಿಜಯಪುರದಿಂದ ತೊರವಿ ಕಡೆ ಹೊಂಟರ
ಡಾಂಬರು ಮುಗಿಯೂವಲ್ಲಿ ಎರಡು ಎಕರೆ ಗರಸು ನೆಲ.
ಅದರಾಗ ಏಳು ಮನಿ. ನಂದು ಎಂಟನೇದು.
ಅಲ್ಲೇ ಅಗದ ಮಣ್ಣು, ಅಲ್ಲೇ ಒತ್ತಿದ ಇಟ್ಟಂಗಿ,
ಗಿಲಾವು ಇಲ್ಲ, ಬಣ್ಣ ಇಲ್ಲ.
ನೋಡಾಕ ಬಂದ ನನ್ನ ತಂಗಿ ಕೇಳಿದಳು:
"ಅಕ್ಕಾ, ಇನ್ನಾ ಕಟ್ಟೂದು ಮುಗದಿಲ್ಲೇನು?"

ಸೇರೂಕಿಂತ ಮೊದಲ ಮೂರು ಅಮಾಸಿ ಇದ್ದು ನೋಡ್ರಿ ಅಂದರು.
ಅರ್ಜಿ ಇಲ್ಲ, ಜಾಮೀನು ಇಲ್ಲ.
ಕಾಶಿಬಾಯಿ ನಾಟೀಕಾರ ಒಂದ ಪ್ರಶ್ನೆ ಕೇಳಿದಳು:
"ಸಿಟ್ಟು ಬಂದರ ಏನ ಮಾಡ್ತೀರಿ?"
"ಸೀಟಿ ಊದತೀನಿ" ಅಂದೆ.
ಯಾರೂ ನಗಲಿಲ್ಲ. ಒಬ್ಬಾವ ಬರಕೊಂಡ.

ಎಂಟು ಮನಿಗೆ ಒಂದ ವಾಷಿಂಗ್ ಮಷೀನು,
ನನ್ನ ಪಾಳಿ ಮಂಗಳವಾರ.
ಖಾಕಿ ಅಂಗಿ ಕಡೇ ಸಲ ಒಗದದ್ದು
ಅಂಥಾ ಒಂದು ಮಂಗಳವಾರ.
ಪಾಯಖಾನಿಗೆ ನೀರಲ್ಲ, ಒಂದು ಬೊಗಸಿ ಬೂದಿ, ಕಟ್ಟಿಗಿ ಹೊಟ್ಟು.
ಮೊದಲನೇ ವಾರ ನಾಚಿಕಿ ಆಗಿ
ಬಸ್‌ಸ್ಟ್ಯಾಂಡಿನ ತನಕ ಹೋಗಿ ಬರತಿದ್ದೆ,
ಐದು ರೂಪಾಯಿ ಕೊಟ್ಟು, ಹೋಗೂಬರೂ ಟಿಕೇಟು ಬ್ಯಾರೆ.
ನಿಂಬಿ ಗಿಡದ ಬುಡಕ್ಕ ಏನ ಹಾಕತಾರ ಅಂತ
ಉಪ್ಪಿನಕಾಯಿ ತಿನ್ನೂವಾಗ ಯಾರೂ ಕೇಳಬಾರದು.

ಎಲ್ಲಾರೂ ಕೂಡಿ ಉಣ್ಣೂ ಅಡಗಿ ಮನ್ಯಾಗ
ಹುರಿಗೆ ಕಟ್ಟಿ ತೂಗ ಹಾಕಿದ ಒಂದು ವಹಿ.
ಕೈಗಡದ ವಹಿ ಅಂತಾರ ಅದಕ್ಕ.
ಹೂಗಾರ ಮನ್ಯಾವರು, ಅರ್ಧ ಸೇರು ಕಡ್ಲಿಬ್ಯಾಳಿ.
ಮುಜಾವರ ಮನಿಯಿಂದ ನಿಚ್ಚಣಿಕಿ, ಎರಡು ದಿನಕ್ಕ.
ಗಂಗಾಧರ, ಒಂದು ತಾಸು ಕೂಸು ಹಿಡಕೊಂಡದ್ದು.
ತಗೊಂಡದ್ದು ಅಷ್ಟ ಐತಿ, ತೀರಿಸಿದ್ದರ ಗುರುತ ಇಲ್ಲ.
ದಿನಾ ರಾತ್ರಿ ಡಿಪೋದಾಗ ಪೈಸೆ ಪೈಸೆ ಕೂಡಿಸಿದ ಕೈ,
ಕೆರೀತು.
ಎರಡು ರಾತ್ರಿ ಕುಂತೆ.
ಇವರದು ಅವರಿಗೆ, ಅವರದು ಇವರಿಗೆ ಹೊಡದು ಹಾಕಿ
ಒಂದ ಹಾಳಿಯಾಗ ಎಲ್ಲಾ ಚುಕ್ತಾ ಮಾಡಿ
ಆಯಿತವಾರದ ಸಭಾದಾಗ ಓದಿದೆ.

ಒಬ್ಬರೂ ಭೇಷ್ ಅನ್ನಲಿಲ್ಲ.
ಮೆಹಬೂಬಿ ಮುಜಾವರ ಮೆತ್ತಗ ಅಂದಳು:
"ನಿಚ್ಚಣಿಕಿ ಅವರ ಕಡೇನ ಇರಲಿ ಬಿಡ್ರಿ.
ವಾಪಸ್ ಬಂತಂದ್ರ ಆ ಮುದುಕ
ನಮ್ಮನಿಗೆ ಯಾಕ ಬರತಾನ?"
ಕಾಶಿಬಾಯಿ ಹಾಳಿ ಇಸಗೊಂಡು
ಒಲಿ ಹಚ್ಚಾಕ ಇಟಗೊಂಡಳು.

ಆ ರಾತ್ರಿ ಸೀಟಿ ಊದಬೇಕಂತ ಕಿಸೆ ತಡಕಿದೆ.
ಸಿಕ್ಕದ್ದು ಒಂದು ಹಳೇ ಟಿಕೇಟು,
ಬೆನ್ನಿಗೆ ನನ್ನ ಅಕ್ಷರದಾಗ: ೭.
ಚಿಲ್ಲರೆ ಇಲ್ಲದಾಗ ಹಂಗ ಬರದು ಕೊಡತಿದ್ದೆ.
ಕೇಳಿದವರಿಗೆ ಕೊಟ್ಟೆ.
ಕೇಳದ ಇಳದು ಹೋದವರು ಎಷ್ಟೋ.
ಅವರ ಏಳು, ಅವರ ಮೂರು
ಯಾವ ಲೆಕ್ಕದಾಗ ಚುಕ್ತಾ ಆದವು?

ಬೆಳಗ ಮುಂಜಾನಿ ವಹಿ ಮತ್ತ ತೆಗದೆ.
ನನ್ನ ಹೆಸರಿನ ಪುಟ ತೊಳದಿಟ್ಟಂಗ ಇತ್ತು.
ತಗೊಂಡಿಲ್ಲ, ಕೊಟ್ಟಿಲ್ಲ.
ಎರಡು ತಿಂಗಳ ಮ್ಯಾಲೆ ಮೂರು ವಾರ.
ಹೊರಗ ಮೆಹಬೂಬಿಯ ಮೊಮ್ಮಗ ನೆಲಕ್ಕ ಕಿವಿ ಹಚ್ಚಿ ಮಲಗಿದ್ದ,
ಕೆಳಗ ಬಾದಶಾನ ಕಾಲದ ನೀರಿನ ಸುರಂಗ ಐತಂತ,
ಕೇಳಸ್ತೈತಂತ ಅವಗ.
ನಾನೂ ಬಗ್ಗಿದೆ. ನನ್ನ ಮೊಣಕಾಲಿನ ಸಪ್ಪಳಾನ ಕೇಳಿತು.

ಡಬ್ಬಿ ತುಂಬ ಸಕ್ಕರಿ ಇತ್ತು.
ಮುಚ್ಚಳಾ ಬಿಗಿಯಾಗಿ ಹಾಕಿ
ಖಾಲಿ ವಾಟಗಾ ಹಿಡಕೊಂಡು
ಬಾಜೂ ಮನಿ ಹೊಚ್ಚಲಕ್ಕ ನಿಂತೆ.
ಕಿಕ್ಕಿರಿದ ಬಸ್ಸಿನಾಗೂ ತಡವರಸದ ನಾಲಿಗಿ
"ಸಕ್ಕರಿ" ಅಂದು ಅಲ್ಲೇ ನಿಂತಿತು.
"ಎಷ್ಟ ಬೇಕ್ರಿ?"
"ಎರಡು ಚಮಚಾ... ಇಲ್ಲ, ತುಂಬ ಕೊಡ್ರಿ."
ಮೆಹಬೂಬಿ ಒಮ್ಮೆ ನನ್ನ ಕಿಡಕಿ ಕಡೆ ನೋಡಿದಳು.
ಡಬ್ಬಿ ಅಲ್ಲಿಂದ ಚಂದಾಗಿ ಕಾಣತಿತ್ತು.
ಏನೂ ಅನ್ನದ ತುಂಬಿ ಕೊಟ್ಟಳು.

ವಹಿಯಾಗ ನಾನ ಬರದೆ.
ತಾರೀಖು ಹಾಕಲಿಲ್ಲ.