ಮೂವತ್ತೆರಡು ಎಂಬಿ

ಬೆಟಗೇರಿಯೊಳಗ ಸಂಜಿ ಏಳಕ್ಕ
ಮಗ್ಗದ ಸಪ್ಪಳ ತುಸು ಇಳೀತೈತಿ.
ಆಗ ಕೇಳಸತೈತಿ ಓಣಿಯ ಜಗಳ:
"ಡಬ್ಬಿ ಮತ್ತ ಸತ್ತೈತಿ, ಬಾರವಾ!"

ಆರು ಮಾಳಿಗಿ, ಆರು ಡಬ್ಬಿ.
ಹುಬ್ಬಳ್ಳಿಯ ಗುಜರಿ ಅಂಗಡಿಯಾಗ
ತೂಕಕ್ಕ ತಂದಿದ್ದೆ, ಬಿಳೇವು,
ಈಗ ಬಿಸಲಿಗೆ ಹಲ್ಲಿನಂಗ ಹಳದಿ.
ತುಳಜಣಸಾ ಬಾಕಳೆಯ ನೀರಿನ ಟಾಕಿ ಮ್ಯಾಲ ಒಂದು,
ಖಾಜಾಬಿಯ ಗಿರಣಿ ತಗಡಿಗೆ ತಂತಿ ಬಿಗದು ಒಂದು.
ಒಂದರ ಮಾತು ಇನ್ನೊಂದು ಎತ್ತಿ ದಾಟಸಬೇಕು,
ನಳದಿಂದ ಮನಿತನಕಾ ಕೊಡ ಕೈ ಬದಲಾದಂಗ,
ಬದಲಾದಲ್ಲೆಲ್ಲ ಅರ್ಧ ತುಳುಕತೈತಿ.
ಇದ್ದದ್ದ ಒಂದು ರೇಡಿಯೋ. ಅದರಲೇ ಕೇಳಬೇಕು,
ಅದರಲೇ ಹೇಳಬೇಕು. ಎರಡೂ ಕೂಡಿ ಆಗೂದಿಲ್ಲ,
ಆಗೂದಿಲ್ಲ ಅಂತ ನಮಗೂ ಗೊತ್ತು,
ಆದ್ರೂ ಮಾಡತೀವಿ.

ನೆನಪು ಮೂವತ್ತೆರಡು ಎಂಬಿ.
ಒಂದು ಲಗ್ನದ ನಾಕು ಫೋಟೋ ಹಿಡಿದ್ರ ಮುಗೀತು.

"ಆಫ್ ಮಾಡಿ ಆನ್ ಮಾಡು" ಅಂತಾರ ಎಲ್ಲಾರೂ.
ಮಾಡಿದ್ರ ಸರಿ ಆಗತೈತಿ. ತೊಂದರಿ ಅದ.
ಯಾಕ ಸತ್ತೆ ಅಂತ ಬರಕೊಂಡ ಚೀಟಿ
ಅದರ ನೆನಪಿನೊಳಗ ಇರತಿತ್ತು,
ಎದ್ದಕೂಡಲೆ ಹಸಗೂಸು,
ಏನೂ ಗೊತ್ತಿಲ್ಲ, ನನ್ನ ನೋಡಿ ಹಸರ ದೀಪ ಮಿಟಕಸತೈತಿ.

ನಾನು ಲೂಮಿನ ಮೋಟರ್ ರಿಪೇರಿ ಮಾಡಾಕಿ.
ಮೋಟರ್ ಕೆಟ್ರ ಸುಟ್ಟ ವಾಸನಿ ಬರತೈತಿ.
ಇದಕ್ಕ ವಾಸನಿ ಇಲ್ಲ. ಸಾಯೂತನಕಾ
ಮಗ್ಗಲದಾಗ ಕುಂತು ನೋಡಬೇಕು.

ಕುಂತೆ. ಗಿರಣಿಯ ತಗಡು ಇನ್ನೂ ಕಾದಿತ್ತು,
ಜ್ವಾಳದ ಹಿಟ್ಟು ಲ್ಯಾಪ್‌ಟಾಪಿನ ಸಂದಿಗೆಲ್ಲ.
ದೂರ ಕಪ್ಪತಗುಡ್ಡದ ಕಡೆ ಗಾಳಿಕಂಬದ ಕೆಂಪು ದೀಪ
ಒಮ್ಮಿಗೇ ಹತ್ತಿ ಒಮ್ಮಿಗೇ ಆರತಿದ್ದವು.
ಉಳದದ್ದು: ನಾಕು ಸಾವಿರದ ನೂರು.
ಎರಡು ಸಾವಿರದ ಎಂಟನೂರು.
ಖಾಜಾಬಿ ಚಾ ಕೊಟ್ಟು ಇಳದ್ಲು.
ಒಂಬೈನೂರು.
ಆಮ್ಯಾಲ ಒಳಗ ಜಾಗಾ ಸಾಲದ
ಒಬ್ಬನ್ನ ಕೊಂದು ಹಾಕಿತು.
ಕೊಂದದ್ದು ಯಾರನ್ನ? ಹೆಸರು ಹೇಳಾವನ್ನ.
ಹಾದಿ ಎಲ್ಲಾ ತೆರೆದೈತಿ, ಸಿಗ್ನಲ್ಲಿನ ಕಡ್ಡಿ ನಾಕೂ ನಿಂತಾವ,
ಯಾವ ಊರು ಎಲ್ಲೈತಿ ಅಂತ ಹೇಳಾಕ ಮಂದಿಯಿಲ್ಲ.

ಹಂಗಾದ್ರ ಇಷ್ಟೆಲ್ಲ ತಿಂದಾವ ಯಾರು?
ಪಟ್ಟಿ ತೆರೆದೆ. ಎಲ್ಲಾರಕಿಂತ ಮ್ಯಾಲ
ನಾನ ಹಾಕಿದ ಲೆಕ್ಕದ ಗುಮಾಸ್ತ.

ಶ್ರಾವಣದಾಗ ತಿಂಗಳಿಗೆ ನೂರಾಹತ್ತು ರೂಪಾಯಿ
ಸಮಾ ಹಂಚೂದಂದಾಗ ನೀಲವ್ವ ಮಡ್ಡಿ ಎದ್ದು ನಿಂತಿದ್ಲು:
"ಬಾಕಳೆ ಮನಿಯಾಗ ರಾತ್ರಿಯಿಡೀ ಕುಸ್ತಿ ನೋಡತಾರ,
ನಾವು ಬರೇ ನೂಲಿನ ರೇಟ್ ನೋಡವರು, ಅಷ್ಟ ಕೊಡಬೇಕಾ?"
ಅದಕ್ಕ ಕುಂಡ್ರಿಸಿದ್ದೆ ಆರೂ ಡಬ್ಬಿಗೂ ಒಬ್ಬೊಬ್ಬ ಗುಮಾಸ್ತನ್ನ,
ಯಾರು ಎಷ್ಟು ಅಂತ ಬರೀ ಅಂತ.
ಬರದ. ಓಣಿಯವರನ್ನಷ್ಟ ಅಲ್ಲ.
ತಪ್ಪಲಪಲ್ಲೆ ಮಾರಾಕಿಗೆ ಒಂದು ಪಾನು,
ಗ್ವಾಡಿಗೆ ನಿಂತು ಓಟಿಪಿಗೆ ಕಾದ ಹುಡುಗಗ ಒಂದು ಪಾನು.
ಈಗಿನ ಫೋನಂತೂ ಬಂದಾಗೊಮ್ಮೆ
ಹೊಸಾ ಹೆಸರು ಹೇಳತಾವ:
ಬಾಕಳೆಯ ಅಳ್ಯಾ ಬಾಬುಸಾ ಒಬ್ಬನ
ನಲವತ್ತೊಂದು ಮಂದಿ ಆಗಿ ಕುಂತಿದ್ದ.
ಒಂದೂ ಪಾನು ಹರೀಲಿಲ್ಲ ಗುಮಾಸ್ತ.
ಹರಿ ಅಂತ ನಾನೂ ಹೇಳಿರಲಿಲ್ಲ.

ತಗದು ಹಾಕಿದೆ, ಆರೂ ಕಡೆ,
ಮಾಳಿಗಿಯಿಂದ ಮಾಳಿಗಿಗೆ ಹತ್ತಿ ಇಳದು.
ಉಳದದ್ದು: ಹನ್ನೊಂದು ಸಾವಿರ.
ಮರುದಿನ ಏಳಕ್ಕ ಯಾರೂ ಕೂಗಲಿಲ್ಲ.
ಎಂಟಕ್ಕ ಕರೆಂಟ್ ಹೋತು, ಬಂತು,
ಆರೂ ಡಬ್ಬಿ ಕಣ್ಣುಜ್ಜಿಕೊಂಡು ಎದ್ದು
ಮಗ್ಗಲ ಮನಿಯಾಗ ಯಾರದಾರ ಅಂತ ಮೊದಲಿಂದ ಕೇಳಿಕೊಂಡುವು.

ತಿಂಗಳ ಕಡೀಗೆ ತುಳಜಣಸಾ ಬಂದ,
ಕಿಸೆಯಾಗ ಕೈ ಇಟಗೊಂಡ.
"ಈ ಸಲ ಯಾರದು ಎಷ್ಟು?"
"ಎಲ್ಲಾರದೂ ನೂರಾಹತ್ತು."
"ಕುಸ್ತಿ ಹಿಡದು?"
"ಕುಸ್ತಿ ಹಿಡದು."
ಎಣಿಸಿ ಕೊಟ್ಟ. ಮತ್ತೊಮ್ಮೆ ಇಸಕೊಂಡು ಎಣಿಸಿದ.

ಇನ್ನ ನೀಲವ್ವಗ ಹೇಳೂದೈತಿ.